ಮಂಗಳವಾರದ ಸರದಿ

ಹುಡುಗಿ ಬಟ್ಟೆ ಒಗೆಯುವ ಕೋಣೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಒಂಬತ್ತು ಜನ ಹೆಂಗಸರು ಒಟ್ಟಿಗೇ ಮಾತು ನಿಲ್ಲಿಸಿದರು. ಮೂರು ವಾಷಿಂಗ್ ಮಷೀನುಗಳು ಮಾತ್ರ ಶಿಷ್ಟಾಚಾರ ತಿಳಿಯದವರಂತೆ ಗುಡುಗುಡು ಎನ್ನುತ್ತಲೇ ಇದ್ದವು. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಬಟ್ಟೆಯ ಬುಟ್ಟಿಗಳು ಒಂದರ ಹಿಂದೆ ಒಂದು ಸಾಲಾಗಿ ಕೂತಿದ್ದವು. ಅವುಗಳ ನೆತ್ತಿಯ ಮೇಲೆ, ಗೋಡೆಯಲ್ಲಿ, ನೀಲಿ ಅಂಚಿನ ದೊಡ್ಡ ಚಾರ್ಟು. ಅದರಲ್ಲಿ ಮಂಗಳವಾರದ ಅಂಕಣದುದ್ದಕ್ಕೂ ದುಂಡಗಿನ ಅಕ್ಷರದಲ್ಲಿ, "ಶುಚಿ ಮಾಡುವ ದಿನ. ಕೋಣೆ ಮುಚ್ಚಿರುತ್ತದೆ" ಎಂದು ಬರೆದಿತ್ತು.

ಬರೆದವಳು ಬಾಗಿಲಲ್ಲಿ ನಿಂತಿದ್ದಳು. ಅಂದು ಮಂಗಳವಾರ.

"ಆಫೀಸಿಗೆ ಹೋಗ್ಲಿಲ್ವಾ ನೀನು?" ಎಂದಳು ಬೀಗದಕ್ಕ. ಸಿಕ್ಕಿಬಿದ್ದದ್ದು ಹುಡುಗಿಯೇ ಎನ್ನುವ ಹಾಗಿತ್ತು ಆ ಧಾಟಿ.

ಬಸ್ಸು ಬರಲಿಲ್ಲ ಎಂದು ಹುಡುಗಿ ಹೇಳಿದಳು. ಕ್ಷಮಿಸಿ ಎಂದೂ ಹೇಳಿದಳು. ಯಾತಕ್ಕೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ಆ ಕಟ್ಟಡದಲ್ಲಿ ಅವಳ ಹೆಸರು ನಾಲ್ಕನೆಯವಳು. ಸಮಾಜಸೇವೆ ಓದುವ ಮಕ್ಕಳನ್ನು ದೂರದ ದೇಶದ ಕಾಲೇಜೊಂದು ವರ್ಷಕ್ಕೊಬ್ಬರಂತೆ ಹತ್ತು ವಾರದ ಕ್ಷೇತ್ರಕಾರ್ಯಕ್ಕೆ ಅಲ್ಲಿಗೆ ಕಳಿಸುತ್ತಿತ್ತು. ಮೊದಲನೆಯವಳು ಹಿತ್ತಲಲ್ಲಿ ಕೈತೋಟ ಮಾಡಿದಳು. ಎರಡನೆಯವನು ಮೆಟ್ಟಿಲ ಗೋಡೆಯ ಮೇಲೆ ಹಕ್ಕಿಗಳನ್ನು ಬರೆದ. ಯಾವ ಹಕ್ಕಿಗಳೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮೂರನೆಯವಳು ಮುದುಕರನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅವರು ಒಂದು ತಿಂಗಳು ಅದರ ಮುಂದೆ ಕೂತಿದ್ದರು. ಇವಳು ನಾಲ್ಕನೆಯವಳು. ಕಾಲೇಜಿನ ನಿಯಮ ಸರಳವಾಗಿತ್ತು: ವಿದ್ಯಾರ್ಥಿ ಆರಂಭಿಸಿದ ಒಂದು ಯೋಜನೆಯನ್ನಾದರೂ ಅಲ್ಲಿನ ಜನ ಬಳಸುತ್ತಿರಬೇಕು. ಕೊನೆಯ ವಾರ ಸಂಯೋಜಕಿ ಬಂದು ನೋಡಿ, ಒಂದು ಫಾರಮ್ಮಿನಲ್ಲಿ 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕುತ್ತಾರೆ. 'ಇಲ್ಲ' ಬಿದ್ದವರನ್ನು ಎರಡನೇ ಸಲ ಕಳಿಸುವ ಪದ್ಧತಿ ಇಲ್ಲ. ಕ್ಷೇತ್ರಕಾರ್ಯ ಇಲ್ಲದೆ ಪದವಿಯೂ ಇಲ್ಲ.

ಮೊದಲ ವಾರ ಅವಳು ಸಭೆ ಕರೆದಿದ್ದಳು. ನಿಮ್ಮ ತೊಂದರೆಗಳೇನು ಎಂದು ಕೇಳಿದಳು. ಇನ್ಸ್‌ಪೆಕ್ಟರು ಬಂದ ತರಗತಿಯಂತೆ ಎಲ್ಲರೂ ನೆಲ ನೋಡಿದರು. ತೊಂದರೆಗಳೇನೋ ಇದ್ದವು, ಆದರೆ ಅಷ್ಟು ಚಿಕ್ಕ ಹುಡುಗಿಗೆ ಹೇಳುವಂಥವಲ್ಲ. ಕೊನೆಗೆ ಬಟ್ಟೆ ಒಗೆಯುವ ಕೋಣೆಯ ಉಸ್ತುವಾರಿಯವಳು, ಸೊಂಟದಲ್ಲಿ ಇಡೀ ಕಟ್ಟಡದ ಬೀಗದ ಕೈಗಳನ್ನು ಜೋತುಬಿಟ್ಟುಕೊಂಡು ಓಡಾಡುವ ಬೀಗದಕ್ಕ, ಇಷ್ಟು ದೂರದಿಂದ ಬಂದ ಮಗುವನ್ನು ಬರಿಗೈಯಲ್ಲಿ ಕೂರಿಸುವುದು ಚೆನ್ನಲ್ಲವೆಂದು, ಬಟ್ಟೆ ಕೋಣೆಯಲ್ಲಿ ಸ್ವಲ್ಪ ಗದ್ದಲ ಅಂದಳು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು.

ಹುಡುಗಿ ಮೂರು ದಿನ ನೋಟ್‌ಬುಕ್ ಹಿಡಿದು ಆ ಕೋಣೆಯಲ್ಲಿ ಕೂತಳು. ಇಪ್ಪತ್ತಾರು ಮನೆಗಳಿಗೆ ಒಗೆದು ಒಣಗಿಸಿ ಕೊಡುವ ಮೂರು ಮಷೀನು. ಹೆಂಗಸರು ಬೆಳಿಗ್ಗೆ ಬುಟ್ಟಿ ತಂದು ಸಾಲಿನಲ್ಲಿಟ್ಟು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಸರದಿಯಲ್ಲಿ ನಿಲ್ಲುವುದು ಬುಟ್ಟಿಯ ಕೆಲಸ. ಅಲ್ಲಿ ಯಾರಿರುತ್ತಾರೋ ಅವರು ಸಾಲನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಸರದಿ ಬಂದವಳು ಹಿಂದಿನವಳ ಬಟ್ಟೆಯನ್ನು ಮಷೀನಿನಿಂದ ತೆಗೆದು, ಮಡಿಸಿ, ಅವಳ ಬುಟ್ಟಿಯಲ್ಲಿಟ್ಟ ಮೇಲೆಯೇ ತನ್ನದನ್ನು ಹಾಕಬೇಕು. ಸರದಿಯವಳು ಇಲ್ಲದಿದ್ದರೆ ಇದ್ದವರು. ಒಳ ಉಡುಪೂ ಸೇರಿ. ಒಂದೊಂದು ಬಟ್ಟೆಯನ್ನೂ ಎತ್ತಿಹಿಡಿದು, ನೋಡಿ, ಏನಾದರೊಂದು ಆಡಿಯೇ ಮಡಿಸುವುದರಿಂದ ಒಗೆತಕ್ಕಿಂತ ಮಡಿಕೆಗೇ ಹೆಚ್ಚು ಹೊತ್ತು. ಹುಡುಗಿ 'ಖಾಸಗಿತನ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಹೀಗೆ ಹುಟ್ಟಿತು ಚಾರ್ಟು. ಮನೆಗೆ ಇಂತಿಷ್ಟು ಗಂಟೆ. ಬರಬೇಕು, ತಮ್ಮ ಬಟ್ಟೆ ತಾವು ಒಗೆದು, ತಾವೇ ತೆಗೆದು, ಟಿಕ್ ಹಾಕಿ ಹೋಗಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ವಾರ ಒಂದು ಟಿಕ್ಕೂ ತಪ್ಪಿರಲಿಲ್ಲ. ತನ್ನ ವರದಿಯಲ್ಲಿ ಇದನ್ನು ಬರೆಯುವಾಗ ಅವಳಿಗೆ ಸಂಕೋಚವಾಗುವಷ್ಟು ಸಂತೋಷವಾಗಿತ್ತು.

ಈಗ ಆ ಚಾರ್ಟಿನ ಕೆಳಗೇ ಬುಟ್ಟಿಗಳ ಸಾಲು.

ಮಾತು ಎಷ್ಟು ಹೊತ್ತು ನಿಂತೀತು? ಬೇಕರಿಯಲ್ಲಿ ಕೆಲಸ ಮಾಡುವವಳು ಮಷೀನಿನಿಂದ ತೆಗೆದ ಒಂದು ಗಂಡಸಿನ ಅಂಗಿಯನ್ನು ಎರಡು ಭುಜ ಹಿಡಿದು ಎತ್ತಿದ್ದಳು; ಕೈ ನೋಯುತ್ತಿತ್ತೋ ಏನೋ, ಇಳಿಸಿದಳು. ಎರಡನೇ ಮಹಡಿಯ ಟ್ಯಾಕ್ಸಿ ಓಡಿಸುವವನ ಅಂಗಿ ಅದು. ಅವನ ಹೆಂಡತಿ ಅಲ್ಲಿರಲಿಲ್ಲ, ಬುಟ್ಟಿ ಇತ್ತು. ಹೊಲಿಗೆಯಮ್ಮ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಕಾಲರನ್ನು ಮಗುಚಿ ನೋಡಿದಳು.

"ಸವೆದಿಲ್ಲ, ಮಾಸಿಲ್ಲ. ಹಾಕ್ಕೊಂಡೇ ಇಲ್ಲ ಇದನ್ನ. ಸುಮ್ನೆ ಒಗೆಯೋಕೆ ಕಳಿಸಿದಾಳೆ."

"ಹೋದ ವಾರದ್ದೂ ಹೀಗೇ ಇತ್ತು," ಎಂದಳು ಬೇಕರಿಯವಳು.

ಬೇಕರಿಯವಳು ತನ್ನ ಚೀಲದಿಂದ ಕಾಗದ ಸುತ್ತಿದ ಎರಡು ದೊಡ್ಡ ಬ್ರೆಡ್ಡು ತೆಗೆದು ಬುಟ್ಟಿಯ ತಳದಲ್ಲಿಟ್ಟಳು. ಇನ್ಯಾರೋ ಒಂದು ಪೊಟ್ಟಣ ಇಟ್ಟರು. ಮೇಲೆ ಅಂಗಿಗಳು ಬಂದವು, ಅಂಗಿಗಳ ಮೇಲೆ ಟವೆಲ್ಲು. ಹೊಲಿಗೆಯಮ್ಮ ಕಾಲಿನಿಂದ ಸಾಲನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು.

ಟ್ಯಾಕ್ಸಿಯವನಿಗೆ ಕೆಲಸ ಹೋಗಿದೆಯೇ ಎಂದು ಹುಡುಗಿ ಕೇಳಿದಳು. ಹಾಗಂತ ಯಾರು ಹೇಳಿದರು ಎಂದು ಎಲ್ಲರೂ ಅವಳನ್ನೇ ಕೇಳಿದರು. ಬೀಗದಕ್ಕ ಅವಳ ರೆಟ್ಟೆ ಹಿಡಿದು ಹೊರಗಿನ ಓಣಿಗೆ ಕರೆದುಕೊಂಡು ಹೋದಳು.

ಅಲ್ಲಿ ತಿಳಿದುಬಂದದ್ದನ್ನು ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮಂಗಳವಾರ ಅವಳು ವಾರದ ವರದಿ ಕೊಡಲು ಆಫೀಸಿಗೆ ಹೋದರೆ ಸಂಜೆಯವರೆಗೂ ಬರುವುದಿಲ್ಲವಾದ್ದರಿಂದ, ಇಡೀ ಕಟ್ಟಡದ ಬಟ್ಟೆ ಅಂದೇ ಒಗೆತ. ಹಾಗಾದರೆ ಉಳಿದ ದಿನದ ಟಿಕ್ಕುಗಳು ಸುಳ್ಳೇ? ಬೀಗದಕ್ಕನಿಗೆ ಬೇಸರವಾಯಿತು. ಸುಳ್ಳು ಯಾಕೆ? ಎಲ್ಲರೂ ಅವರವರ ಗಂಟೆಗೆ ಸರಿಯಾಗಿ ಬಂದು ಮಷೀನು ಹಾಕಿಯೇ ಹೋಗುತ್ತಿದ್ದರು. ಒಗೆದದ್ದನ್ನೇ ಒಗೆದೂ ಒಗೆದೂ ಹೊಲಿಗೆಯಮ್ಮನ ಮೇಜುಬಟ್ಟೆಯ ಹೂವುಗಳು ಅಳಿಸಿಹೋಗಿವೆ, ಪಾಪ, ಅವಳು ತುಟಿ ಬಿಚ್ಚಿಲ್ಲ. ಬರಲಾಗದವರ ಟಿಕ್ಕನ್ನು ಮಾತ್ರ ಬೀಗದಕ್ಕ ಹಾಕುತ್ತಿದ್ದಳು.

"ಹಾಗಾದ್ರೆ ಚಾರ್ಟು ತೆಗೆದುಬಿಡೋಣ ಅಕ್ಕಾ."

"ತೆಗೆಯೋದಾ? ಗುರುವಾರ ಮೇಡಂ ಬರ್ತಾರೆ. ನೀನು ಪಾಸಾಗೋದು ಬೇಡ್ವಾ?"

"ಆದ್ರೆ ಅದರಿಂದ ನಿಮಗೇನೂ ಉಪಯೋಗ ಇಲ್ವಲ್ಲ."

"ನಮಗೆ ಯಾಕೆ ಉಪಯೋಗ ಆಗಬೇಕು ತಾಯಿ? ಪರೀಕ್ಷೆ ನಿಂದು." ಬೀಗದಕ್ಕ ದನಿ ತಗ್ಗಿಸಿದಳು. "ಮೊದಲನೇವಳ ತೋಟದಲ್ಲಿ ಒಂದು ಎಲೆ ಹುಟ್ಟಲಿಲ್ಲ, ಗೊತ್ತಾ? ಕೆಳಗೆಲ್ಲ ಇಟ್ಟಿಗೆ ಚೂರು. ಮೇಡಂ ಬರೋ ಹಿಂದಿನ ದಿನ ಮಾರ್ಕೆಟ್ಟಿಂದ ಸೊಪ್ಪು ತಂದು ಸಾಲಾಗಿ ಚುಚ್ಚಿದ್ವಿ. ಬೆಳಿಗ್ಗೆ ನೋಡಿ ಅತ್ತೇಬಿಟ್ಲು. ಈಗ ಎಲ್ಲೋ ದೊಡ್ಡ ಕೆಲಸದಲ್ಲಿದಾಳಂತೆ."

ಹೊರಗಿನವರನ್ನೇ ಊರುಗೋಲು ಮಾಡಿಕೊಳ್ಳುವ ಸಮುದಾಯಗಳ ಬಗ್ಗೆ ಹುಡುಗಿಯ ಪಠ್ಯಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಿತ್ತು. ಸಮುದಾಯ ಸಾಕಿ ಪಾಸು ಮಾಡಿಸುವ ಹೊರಗಿನವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಬುಧವಾರವೆಲ್ಲ ಅವಳು ಸತ್ಯ ಕೇಳುತ್ತಾ ಅಲೆದಳು. ಚಾರ್ಟಿನಲ್ಲಿ ತಪ್ಪೇನಿದೆ ಹೇಳಿ ಎಂದಾಗ ಬೇಕರಿಯವಳು, ಏನೂ ತಪ್ಪಿಲ್ಲ, ಆ ನೀಲಿ ಅಂಚು ಗೋಡೆಗೆ ಬಹಳ ಒಪ್ಪುತ್ತೆ ಅಂದಳು. ಹೊಲಿಗೆಯಮ್ಮ ಅವಳ ಕೋಟಿನ ಗುಂಡಿ ಭದ್ರ ಮಾಡಿಕೊಟ್ಟಳು. ಹುಡುಗಿ ತನ್ನ ಮನೆಗೆ ಫೋನ್ ಮಾಡಿದರೆ ಅಮ್ಮ ಪೂರ್ತಿ ಕೇಳಿಸಿಕೊಂಡು, ದೊಡ್ಡವರು ಏನಾದರೂ ಕೊಟ್ಟರೆ ಬೇಡ ಅನ್ನಬಾರದು ಎಂದು ಫೋನ್ ಇಟ್ಟಳು. ಯಾರನ್ನು ಕೇಳಿದರೂ ಎಲ್ಲ ಸರಿಯಾಗಿಯೇ ಇತ್ತು. ತಾನು ಇಲ್ಲಿಗೆ ಏನು ಮಾಡಲು ಬಂದೆ ಎನ್ನುವುದೊಂದೇ ಸರಿಯಾಗಿ ಕೂರುತ್ತಿರಲಿಲ್ಲ.

ಗುರುವಾರ ಸಂಯೋಜಕಿ ಚಿಕ್ಕ ಕಾರಿನಲ್ಲಿ ಬಂದರು. ಬಟ್ಟೆ ಕೋಣೆಯಲ್ಲಿ ಐದಾರು ಹೆಂಗಸರು, ಆಕಸ್ಮಿಕವಾಗಿ, ತಲೆ ಬಾಚಿಕೊಂಡು, ಒಳ್ಳೆಯ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಒಬ್ಬಳು ಬಟ್ಟೆ ಹಾಕಿದಳು, ಗಡಿಯಾರ ನೋಡಿದಳು, ಟಿಕ್ ಹಾಕಿದಳು. ಟಿಕ್ ಹಾಕಿದ ಮೇಲೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲವಾದ್ದರಿಂದ ಇನ್ನೊಂದು ಸಲ ಗಡಿಯಾರ ನೋಡಿದಳು. ಸಂಯೋಜಕಿ ಚಾರ್ಟಿನ ಫೋಟೋ ತೆಗೆದರು. ಇಷ್ಟು ವರ್ಷಗಳಲ್ಲಿ ಇಂಥ ಶಿಸ್ತು ನೋಡಿಲ್ಲವೆಂದರು. ಇದನ್ನು ಅಚ್ಚು ಹಾಕಿಸಿ ಪಕ್ಕದ ಆರು ಕಟ್ಟಡಗಳಿಗೂ ಹಂಚುವುದೆಂದು ಅಲ್ಲೇ ತೀರ್ಮಾನ ಮಾಡಿ, ಫಾರಮ್ಮು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

ಆ ಕ್ಷಣದವರೆಗೂ ಹುಡುಗಿ ಏನನ್ನೂ ನಿರ್ಧರಿಸಿರಲಿಲ್ಲ. ಆರು ಕಟ್ಟಡಗಳು ಎಂದಾಗ ಅವಳಿಗೆ ಯಾರೂ ಎತ್ತಿಹಿಡಿದು ನೋಡದ ಅಂಗಿಗಳು ಕಂಡವು, ಮಹಡಿ ಮಹಡಿಯಲ್ಲೂ.

"ಇಲ್ಲ ಅಂತ ಹಾಕಿ ಮೇಡಂ," ಎಂದಳು. "ಇದನ್ನ ಯಾರೂ ಬಳಸ್ತಿಲ್ಲ."

ಪೆನ್ನು ನಿಂತಿತು. 'ಇಲ್ಲ' ಎಂದರೆ ಏನೆಂದು ನಿಮಗೆ ಗೊತ್ತಲ್ಲ ಎಂದು ಸಂಯೋಜಕಿ ಮೆಲ್ಲಗೆ ಕೇಳಿದರು. ಗೊತ್ತು ಎಂದಳು ಹುಡುಗಿ.

ಆಮೇಲಿನದು ಅವಳ ಕೈಮೀರಿತು. ಬೇಕರಿಯವಳು ಸಂಯೋಜಕಿಯನ್ನು ಚಾರ್ಟಿನ ಹತ್ತಿರ ಕರೆದೊಯ್ದು ಒಂದೊಂದೇ ಟಿಕ್ಕಿನ ಮೇಲೆ ಬೆರಳಿಟ್ಟು ತೋರಿಸಿದಳು. ಇನ್ನಿಬ್ಬರು, ಈ ಚಾರ್ಟು ಬಂದ ಮೇಲೆ ತಮಗೆ ಬಿಡುವು ಎಂದರೇನೆಂದು ಗೊತ್ತಾಯಿತು ಎಂದರು. ಅವರಲ್ಲೊಬ್ಬಳ ಕಣ್ಣಲ್ಲಿ ನೀರು ಬಂತು. ಅದು ಸ್ವಲ್ಪ ಅತಿಯಾಯಿತೆಂದು ಬೀಗದಕ್ಕ ಗದರಿದ ಹಾಗೆ ನೋಡಿದಳು. ಈ ಹುಡುಗಿ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಹೀಗೆಲ್ಲ ಮಾತಾಡುತ್ತಾಳೆ ಎಂದು ಹೊಲಿಗೆಯಮ್ಮ ವಿವರಿಸಿದಳು.

"ಮಂಗಳವಾರ ಬಂದು ನೋಡಿ ಮೇಡಂ," ಎಂದಳು ಹುಡುಗಿ.

"ಮಂಗಳವಾರ ಶುಚಿ ಮಾಡೋ ದಿನ," ಎಂದಳು ಬೀಗದಕ್ಕ. "ನೀನೇ ಬರೆದಿದೀಯ."

ಎಲ್ಲ ತಲೆಗಳೂ ಹೌದೆಂದು ಆಡಿದವು. ಸಂಯೋಜಕಿ ಒಬ್ಬೊಬ್ಬರ ಮುಖವನ್ನೂ ನೋಡಿದರು, ಚಾರ್ಟು ನೋಡಿದರು, ಕೊನೆಗೆ ಹುಡುಗಿಯನ್ನು. ಅವರಿಗೆ ಎಷ್ಟು ತಿಳಿಯಿತೋ ಎಷ್ಟು ಬಿಟ್ಟಿತೋ ಮುಖದಿಂದ ಹೇಳುವಂತಿರಲಿಲ್ಲ.

"ಸಮುದಾಯದ ಮಾತೇ ಕೊನೇ ಮಾತು. ನಿಮಗೆ ಮೊದಲನೇ ವರ್ಷದಲ್ಲೇ ಹೇಳಿಕೊಟ್ಟಿರ್ತಾರೆ," ಎಂದು 'ಹೌದು' ಮೇಲೆ ಗುರುತು ಹಾಕಿದರು. ಷರಾ ಎಂಬಲ್ಲಿ, ವಿದ್ಯಾರ್ಥಿನಿಗೆ ತನ್ನ ಸಾಧನೆಯ ಬಗ್ಗೆ ಸಂಕೋಚ ಹೆಚ್ಚು ಎಂದು ಬರೆದು ಸಹಿ ಮಾಡಿದರು.

ಹೀಗೆ ಅವಳು ಪಾಸಾದಳು. ಹೆಂಗಸರು ಅವಳ ಬೆನ್ನು ತಟ್ಟಿದರು, ಗಲ್ಲ ಹಿಂಡಿದರು. ಇನ್ನು ಹೀಗೆಲ್ಲ ಹುಚ್ಚಾಟ ಆಡಬೇಡ ಎಂದು ಬೈದರು. ಸಂಯೋಜಕಿಯನ್ನು ಕಾರಿನವರೆಗೆ ಕಳಿಸಿಕೊಡಲು ಎಲ್ಲರೂ ಹೊರಟಾಗ ಅವಳು ಬೀಗದಕ್ಕನ ಸೆರಗು ಹಿಡಿದ ಮಗುವಿನಂತೆ ಹಿಂದೆ ಹಿಂದೆ ಬಂದಳು.

"ಅಕ್ಕಾ, ಆ ಆರು ಕಟ್ಟಡಗಳಲ್ಲಿ ಏನಾಗುತ್ತೆ?"

"ಏನಾಗುತ್ತೆ? ಅಲ್ಲೂ ಮಂಗಳವಾರ ಬರುತ್ತೆ."

ಓಣಿ ಇಕ್ಕಟ್ಟು, ಕಾರು ತಿರುಗಿಸಲು ಜಾಗವಿರಲಿಲ್ಲ, ಹಿಂದಕ್ಕೇ ಹೋಗಬೇಕು. ಬೀಗದಕ್ಕ ಮುಂದೆ ನಿಂತು ಬಲಕ್ಕೆ ಕೈ ಬೀಸಿದಳು. ಬೇಕರಿಯವಳು ಎಡಕ್ಕೆ ಬೀಸಿದಳು. ಹೊಲಿಗೆಯಮ್ಮ ಎರಡೂ ಅಂಗೈ ಎತ್ತಿ ನಿಲ್ಲಿ ಎಂದಳು. ಹಿಂದಿನಿಂದ ಇನ್ನೊಬ್ಬಳು ಬನ್ನಿ ಬನ್ನಿ ಎನ್ನುತ್ತಿದ್ದಳು. ಗಾಜಿನ ಹಿಂದೆ ಸಂಯೋಜಕಿ ಎಲ್ಲರಿಗೂ ತಲೆಯಾಡಿಸುತ್ತಾ, ಯಾರ ಮಾತನ್ನೂ ಕೇಳದೆ, ಒಂದೊಂದೇ ಅಡಿ ಹಿಂದಕ್ಕೆ ಸರಿಯುತ್ತಿದ್ದರು. ಹುಡುಗಿ ಅವರ ನಡುವೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈಯೂ ಮೇಲೆದ್ದು ಬೀಸತೊಡಗಿತ್ತು, ಯಾವ ಕಡೆಗೆಂದು ಅವಳಿಗೆ ಗೊತ್ತಿರಲಿಲ್ಲ. ಕಾರು ಎರಡೂ ಗೋಡೆಗೆ ತಾಗದೆ ರಸ್ತೆ ಸೇರಿತು.