ಅಯ್ಯಾರ ದರ

“ತೊಗರಿಬ್ಯಾಳಿ ಕಿಲೋಕ್ಕ ನೂರಾ ಹತ್ತು. ಬರಕೋರಿ ಅಯ್ಯಾರ,” ಎಂದ ಅಂಗಡಿಯ ಫಕೀರೇಶ.

ಮಹಾಂತಯ್ಯ ಟ್ಯಾಬಿನಲ್ಲಿ ಒತ್ತಿದ. ಕಮರಿಪೇಟೆಯ ಕಿರಾಣಿ ದರ ಕಣ್ಣುಮುಚ್ಚಿ ತೆರೆಯುವುದರೊಳಗೆ ರಾಜಧಾನಿ ಮುಟ್ಟುವ ಕಾಲ. ಅದನ್ನು ಹಿಡಿದೇ ಅಲ್ಲಿನ ಪಂಡಿತರು ಮುಂದಿನ ಮೂರು ತಿಂಗಳ ಬೆಲೆಯೇರಿಕೆಯನ್ನು ಅಂದಾಜು ಮಾಡುತ್ತಿದ್ದರು. ಅಂಗಡಿಗಳ ದರ ಕೇಳಿ ಸರಕಾರಕ್ಕೆ ಕಳಿಸುವ ಈ ಗುತ್ತಿಗೆ ನೌಕರಿ ಹಿಡಿದ ಎಂಟು ತಿಂಗಳಲ್ಲಿ ಮಹಾಂತಯ್ಯ ಒಂದು ದಿನವೂ ತಪ್ಪಿಸಿರಲಿಲ್ಲ.

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ರುಕ್ಮವ್ವ ಕಿಡಿಕಿಡಿಯಾದಳು. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಹೆಂಗಸು. “ನೂರಾ ಹತ್ತ? ನಿನ್ನಿ ನನ್ನ ಕಡಿಂದ ನೂರಾ ಮೂವತ್ನಾಲ್ಕು ತಗೊಂಡಿಯಲ್ಲೋ!”

ಫಕೀರೇಶ ನಾಲಿಗೆ ಕಚ್ಚಿಕೊಂಡ. “ಅದು ಅಯ್ಯಾರ ದರ. ಮಠದ ಮನೆತನದವರ ಕಡಿಂದ ಲಾಭ ತಗೋಬಾರದು. ನಮ್ಮಪ್ಪ ಇದ್ದಾಗಿಂದ ಹಂಗ ಐತಿ. ಪ್ಯಾಟ್ಯಾಗ ಎಲ್ಲಾರೂ ಹಂಗ ಹೇಳ್ತಾರ.”

“ನಾ ಕೊಳ್ಳಾಕ ಬಂದಿಲ್ಲೋ ಮಾರಾಯಾ, ಕೇಳಾಕ ಬಂದೇನಿ!” ಎಂದ ಮಹಾಂತಯ್ಯ.

“ಅದಕ್ಕಽ ನಮ್ಮ ತುಟ್ಟಿಭತ್ಯೆ ಏರಲಿಲ್ಲ,” ಎಂದಳು ರುಕ್ಮವ್ವ. “ಹುಬ್ಬಳ್ಳ್ಯಾಗ ಬ್ಯಾಳಿ ಸೋವಿ ಐತಿ, ಲೆಕ್ಕ ಹಂಗ ಹೇಳತೈತಿ ಅಂದ್ರು ಮ್ಯಾನೇಜರ್ರು. ಆ ಲೆಕ್ಕ ಕೊಟ್ಟಾವ್ರು ನೀವಽ ಏನ್ರಿ?”

ಭಕ್ತಿಯಿಂದ ಬಂದ ಸುಳ್ಳನ್ನು ಎಂಟು ತಿಂಗಳು ಮಹಾಂತಯ್ಯ ತಾನೇ ರಾಜಧಾನಿಗೆ ಮುಟ್ಟಿಸಿದ್ದ. ನೇರವಾಗಿ ರಾಯಾಪುರದ ತನ್ನ ಕಚೇರಿಗೆ ಹೋಗಿ ಎಲ್ಲ ಹೇಳಿದ.

ಅಧಿಕಾರಿ ಶಿವಯೋಗೀಶ ಗೋಡೆಯ ಪರದೆಯ ಮೇಲೆ ಓಡುತ್ತಿದ್ದ ಗೆರೆಗಳಿಂದ ಕಣ್ಣು ಕೀಳಲಿಲ್ಲ. “ಮೂರು ತಿಂಗಳದ ಮುನ್ನಂದಾಜು ರಾಜಧಾನಿಗೆ ಹೋಗೇತ್ರಿ, ಸಭಾದಾಗ ಒಪ್ಪ್ಯಾರ. ಒಮ್ಮಿಗೇ ಇಪ್ಪತ್ನಾಲ್ಕು ಜಿಗಿಸಿದ್ರ ಎಲ್ಲಾರ ಮಾನ ಹೋಗತೈತಿ. ವಾರಕ್ಕ ಎರಡೆರಡು ರೂಪಾಯಿ ಏರಸ್ರಿ. ಮೂರು ತಿಂಗಳದಾಗ ತಾನಽ ಸರಿ ಆಗತೈತಿ.”

“ಅಲ್ಲೀತನಕಾ ಆ ರುಕ್ಮವ್ವನೂ ವಾರಕ್ಕ ಎರಡೆರಡು ರೂಪಾಯಿ ಉಪಾಸ ಇರಬೇಕೇನ್ರಿ?”

“ಮುಂದಿನ ತಿಂಗಳ ನಿಮ್ಮ ಗುತ್ತಿಗಿ ಮುಗೀತೈತಿ, ಅಯ್ಯಾರ. ನೆಪ್ಪಿರಲಿ.”

ಎಂಥ ನಾಚಿಕೆಗೇಡು! ಉಣ್ಣುವವರ ಬೇಳೆಗಿಂತ ಗೋಡೆಯ ಗೆರೆ ದೊಡ್ಡದಾಗಿತ್ತು ಇವರಿಗೆ.

ಮರುದಿನ ಬೆಳಿಗ್ಗೆ ಮಹಾಂತಯ್ಯ ರುಕ್ಮವ್ವನನ್ನು ಕರೆದುಕೊಂಡು ಪೇಟೆಗೆ ಬಂದ. ಅವನ ಬದಲು ಅವಳೇ ಬೇಳೆಯ ದರ ಕೇಳಿದಳು, ಫಕೀರೇಶ ತಲೆ ತಗ್ಗಿಸಿ ನೂರಾ ಮೂವತ್ನಾಲ್ಕು ಎಂದ. ಮಹಾಂತಯ್ಯ ಒತ್ತಿದ. ಟ್ಯಾಬಿನ ಪರದೆ ಕೆಂಪಾಗಿ, ದರ ಒಮ್ಮೆಲೇ ಏರಿದ್ದಕ್ಕೆ ಕಾರಣ ಕೇಳಿತು. ‘ಇದು ಖರೇ ದರ. ಎಂಟು ತಿಂಗಳು ನಾನು ಕಳಿಸಿದ್ದೆಲ್ಲ ತಪ್ಪು’ ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿ ಕಳಿಸಿಬಿಟ್ಟ.

ಅರೆಗಳಿಗೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಶಿವಯೋಗೀಶನ ಹೆಸರು.

“ಎತ್ತೂದಿಲ್ಲೇನ್ರಿ?” ಎಂದಳು ರುಕ್ಮವ್ವ.

“ಇನ್ನೂ ಎಣ್ಣಿ ಅಂಗಡಿ ಉಳದೈತಿ. ಅಲ್ಲೂ ನೀನಽ ಕೇಳಬೇಕು, ಮುಂದ ನಡೀವಾ.”

ಅವಳು ಚೀಲ ಬೀಸುತ್ತ ಮುಂದೆ ನಡೆದಳು. ದಾರಿಯಲ್ಲಿ ಕೈಮುಗಿದವರಿಗೆ ಆಶೀರ್ವಾದಕ್ಕೆ ಕೈಯೆತ್ತದೆ, ಬಡಿದುಕೊಳ್ಳುವ ಫೋನನ್ನು ಜೇಬಿನಲ್ಲಿಟ್ಟುಕೊಂಡು ಮಹಾಂತಯ್ಯ ಅವಳ ಹಿಂದೆ ಹೋದ.