ಸುಮ್ಮನೆ ತಿರುಗದ ಹೂವು

ಮಧ್ಯಾಹ್ನದೊಳಗೆ ಯಂತ್ರ ಬಿಚ್ಚಿ ಉಗ್ರಾಣ ಸೇರಿಸಬೇಕೆಂದು ಸಂಶೋಧನಾ ಸಂಸ್ಥೆಯ ಡೈರೆಕ್ಟರ್ ಲುದೋಮಿರ್ ಅಪ್ಪಣೆ ಕೊಟ್ಟಾಗಿತ್ತು. ಬಿಚ್ಚುವ ಕೆಲಸ ಬಿದ್ದದ್ದು ಬೊಗ್ನಾಳ ತಲೆಗೆ. ಗುರು ಝೆನೋಬ್ಯುಷರ ಕಣ್ಣೆದುರೇ ಅವರ ಜೀವಮಾನದ ಕೆಲಸಕ್ಕೆ ಕೈಹಾಕಬೇಕಲ್ಲ ಎಂದು ಅವಳು ಬೆಳಗಿನಿಂದ ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ.

ಯಂತ್ರವೇನೋ ಸೊಗಸಿನದು. ಹಗ್ಗದಂತೆ ಹುರಿಗೊಂಡ ಲೇಸರ್ ಕಿರಣವೊಂದು, ಎದುರು ದಿಕ್ಕಿಗೆ ಹುರಿಗೊಂಡದ್ದು ಇನ್ನೊಂದು. ಎರಡೂ ಕನ್ನಡಿಗಳಿಗೆ ಬಡಿದು ಬಂದು ಕೂಡಿದರೆ ಪರದೆಯ ಮೇಲೆ ಕೆಂಪು ದಳಗಳ ಹೂವು. ಕನ್ನಡಿ ಕೂದಲೆಳೆಯಲ್ಲಿ ಸಾವಿರದಲ್ಲೊಂದು ಪಾಲು ಸರಿದರೂ ಹೂವು ತಿರುಗಿ ಚಾಡಿ ಹೇಳುತ್ತಿತ್ತು. ಆದರೆ ದಿನಾ ಬೆಳಗಿನ ಕಾಫಿ ಹೊತ್ತಿಗೆ, ಯಾರೂ ಮುಟ್ಟದಿದ್ದರೂ ತಿರುಗುತ್ತಿತ್ತು. ಚಳಿಗಾಲವಿಡೀ ಗುರು-ಶಿಷ್ಯೆ ಇಬ್ಬರೂ ತಲೆ ಕೆಡಿಸಿಕೊಂಡರೂ ಕಾರಣ ಸಿಕ್ಕಿರಲಿಲ್ಲ. ಸುಳ್ಳು ಹೇಳುವ ಯಂತ್ರ ನಮಗೆ ಬೇಡವೆಂದು ಡೈರೆಕ್ಟರ್ ತೀರ್ಮಾನಿಸಿದ್ದರು.

ಅಂದು ಜಿಡ್ಡು ಗುರುವಾರ, ಕ್ರೈಸ್ತರ ಉಪವಾಸ ಕಾಲಕ್ಕೆ ಮುಂಚೆ ಹೊಟ್ಟೆ ತುಂಬ ತಿನ್ನುವ ಹಬ್ಬ. ವ್ರೊತ್ಸ್ವಾಫ್ ಊರಿನಲ್ಲಿ ಪೊಂಚ್ಕಿ ಎಂಬ ಸಕ್ಕರೆ ಉದುರಿಸಿದ ಕರಿದ ಬನ್ನು ತಿನ್ನದೆ ಆ ದಿನ ಕಳೆಯುವವರಿಲ್ಲ. ಸಂಸ್ಥೆಯವರೆಲ್ಲ ಕೆಳಗಿನ ಸಭಾಂಗಣದಲ್ಲಿ ಸೇರಿದ್ದರು. ಬೊಗ್ನಾ ಮೇಲೆ ಪ್ರಯೋಗಾಲಯದಲ್ಲೇ ಕೂತಿದ್ದ ಗುರುಗಳಿಗೊಂದು ತಂದಿಟ್ಟಳು.

“ತಿನ್ನಿ ಪ್ರೊಫೆಸರ್ರೇ. ಇವತ್ತು ತಿನ್ನದಿದ್ರೆ ವರ್ಷವಿಡೀ ಅದೃಷ್ಟ ಕೈಕೊಡುತ್ತಂತೆ.”

“ಕೈಕೊಡೋಕೆ ಇನ್ನೇನು ಉಳಿದಿದೆ? ನೀನು ಬಿಚ್ಚಮ್ಮ.”

ಸ್ಕ್ರೂಡ್ರೈವರ್ ಎತ್ತಿಕೊಂಡವಳು ಕೊನೆಯ ಸಲವೆಂದು ಪರದೆ ನೋಡಿದಳು. ಕಾಫಿ ಹೊತ್ತು ಮೀರಿತ್ತು. ಹೂವು ಅಲುಗಿರಲಿಲ್ಲ. ಗೋಡೆಯಾಚೆಯ ಕಾಫಿ ಕೋಣೆ ಇವತ್ತು ಖಾಲಿ.

ಅವಳು ಒಂದೇ ಉಸಿರಿಗೆ ಕೆಳಗೋಡಿ, ಡೈರೆಕ್ಟರ್ ಕೈಚಾಚಿದ್ದ ತಟ್ಟೆಯನ್ನೇ ಎತ್ತಿಕೊಂಡು ಕಾಫಿ ಕೋಣೆಗೆ ತಂದಳು. ಪೊಂಚ್ಕಿ ಹಿಂದೆ ಜನರೂ ಬಂದರು. ಲುದೋಮಿರ್ ಗೊಣಗುತ್ತ, ಗೋಡೆ ಪಕ್ಕದ ತಮ್ಮ ಮಾಮೂಲಿ ಕುರ್ಚಿಗೆ ಧೊಪ್ಪೆಂದು ಕುಸಿದರು. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತ ಬೊಗ್ನಾ ನೋಡನೋಡುತ್ತ, ಇತ್ತ ಹೂವು ತಿರುಗಿತು.

“ಸಾಹೇಬ್ರೇ, ಒಂಚೂರು ಎದ್ದು ಆಚೆ ಹೋಗ್ತೀರಾ?”

“ತಿನ್ನೋಕೂ ಬಿಡಲ್ವಲ್ಲಮ್ಮ ನೀನು.” ಎದ್ದು ಹೋದರು. ಹೂವು ಸ್ವಸ್ಥಾನಕ್ಕೆ ಬಂತು. ಮತ್ತೆ ಕೂರಿಸಿದಳು. ಮತ್ತೆ ತಿರುಗಿತು. ಎರಡೂ ಕೋಣೆಗಳಿಗೆ ಒಂದೇ ಹಳೆಯ ಮರದ ನೆಲ. ಡೈರೆಕ್ಟರರ ಭಾರಕ್ಕೆ ನೆಲ ಬಾಗುತ್ತಿತ್ತು, ಜೊತೆಗೆ ಕನ್ನಡಿಯೂ.

ಕುರ್ಚಿಗೆ ಬೇರೊಬ್ಬರನ್ನು ಕೂರಿಸಿ, ಏಳಿಸಿ, ಲುದೋಮಿರ್ ತಾವೇ ಪರದೆ ನೋಡಿದರು. ಹೂವು ಆಗಲೂ ತಿರುಗಿ, ಮರಳಿತು. ಮೂತಿ ಸಪ್ಪಗಾಯಿತು.

“ಚಳಿಗಾಲವೆಲ್ಲ ಇದು ನಿಜಾನೇ ಹೇಳ್ತಿತ್ತು. ನಾನೇ ಸುಳ್ಳು ಅಂತಿದ್ದೆ” ಎಂದರು. ಆಮೇಲೆ, “ಬಿಚ್ಚೋದು ಬೇಡ. ನನ್ನ ಕುರ್ಚೀನ ಕೆಳಗಡೆ ಸಭಾಂಗಣದಲ್ಲಿ ಹಾಕ್ಸಿ.”

ಝೆನೋಬ್ಯುಷ್ ಆಗ ತಮ್ಮ ಪಾಲಿನ ಪೊಂಚ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನತೊಡಗಿದರು. ಮೀಸೆಗೆ ಸಕ್ಕರೆ ಮೆತ್ತಿತು, ಅದರ ಮೇಲೆ ಕಣ್ಣೀರು ಇಳಿಯಿತು. ಬೊಗ್ನಾ ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿ, ಅವರಿಗೆ ಚಹಾ ತರಲು ಹೋದಳು.