ಶರ್ಮಿಳಾ ಕೇಳಿದ್ದು

“ಸ್ತನ ತೆಗೆದು ಒಂದು ವರ್ಷದ ಮೇಲಾಯ್ತು ಸರ್. ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಕಂಪನಿ ದುಡ್ಡು ಕೊಟ್ಟಾಗಿದೆ. ಈಗ ಮತ್ತೆ ಕಟ್ಟಿಸಿಕೊಳ್ಳೋದು ಅಂದ್ರೆ ಅದು ಅಂದಕ್ಕೆ ಮಾಡಿಸೋ ಸರ್ಜರಿ, ಚಿಕಿತ್ಸೆ ಅಲ್ಲ,” ಎಂದ ವಿಮಾ ಕಂಪನಿಯ ಯುವಕ. ಕಂಪ್ಯೂಟರ್ ಪರದೆಯ ಇನ್ನೊಂದು ಚೌಕದಲ್ಲಿದ್ದ, ವಿಮಾ ದೂರುಗಳ ವಿಚಾರಣಾಧಿಕಾರಿ ಅದನ್ನು ಬರೆದುಕೊಂಡರು.

ಕಡೂರು ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ, ಏಜೆಂಟ್ ರಾಜಶೇಖರನ ಆಫೀಸಿನಲ್ಲಿ ಶರ್ಮಿಳಾ ಮತ್ತು ಅವಳ ಗಂಡ ಮಹೇಂದ್ರ ಒಂದೇ ಕ್ಯಾಮೆರಾಕ್ಕೆ ಹಿಡಿಸುವಂತೆ ಕುರ್ಚಿ ಒತ್ತರಿಸಿಕೊಂಡು ಕೂತಿದ್ದರು. ಅವರಿಗೆ ಪಾಲಿಸಿ ಮಾಡಿಸಿಕೊಟ್ಟಿದ್ದವನೇ ರಾಜಶೇಖರ್. ಅವನು ಕಂಪ್ಯೂಟರಿನ ಹಿಂದೆ ನಿಂತು ತನ್ನ ಬೆನ್ನು ತಟ್ಟಿ ತೋರಿಸುತ್ತಿದ್ದ.

ವಿಚಾರಣೆಗೆ ಮೊದಲೇ ಅವನು ಹೇಳಿಕೊಟ್ಟಿದ್ದ. “ಬೆನ್ನು ನೋವು ಅನ್ನಿ ಮೇಡಂ. ಒಂದ್ಕಡೆ ತೂಕ ಇಲ್ದೆ ಮೈ ವಾಲ್ತದೆ, ಕೆಲಸ ಮಾಡಕ್ಕಾಗ್ತಿಲ್ಲ ಅನ್ನಿ. ನಂಗೆ ಬೇಕು ಅಂತ ಮಾತ್ರ ಅನ್ಬೇಡಿ.”

ಶರ್ಮಿಳಾ ಅಜ್ಜಂಪುರದ ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಆಪರೇಷನ್ ಆದ ಮೇಲೆ ಬಟ್ಟೆಯ ಮೆತ್ತೆ ಇಟ್ಟುಕೊಂಡು, ಅದರ ಮೇಲೆ ಅಗಲದ ಟೀ ಶರ್ಟ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಒಂದು ದಿನ ಖೋಖೋ ಆಡಿಸುವಾಗ ಮೆತ್ತೆ ಸೊಂಟದವರೆಗೆ ಜಾರಿತು. ಎಂಟನೇ ಕ್ಲಾಸಿನ ಹುಡುಗಿಯರು ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ನೆಲ ನೋಡತೊಡಗಿದರು. ಆ ವಾರವೇ ಅವಳು ಡಾಕ್ಟರ ಹತ್ತಿರ ಹೋಗಿ ಏನಾದರೂ ದಾರಿ ಇದೆಯಾ ಎಂದು ಕೇಳಿದ್ದು.

“ಜೀವ ಉಳೀತಲ್ಲ, ಸಾಕು ಬಿಡೇ,” ಎಂದಿದ್ದರು ಅತ್ತೆ ಕರಿಯಮ್ಮ. ಮಹೇಂದ್ರ ಹಾಗನ್ನಲಿಲ್ಲ. ಕಂಪನಿ ಆಗಲ್ಲ ಎಂದಾಗ ಅವನೇ ದೂರು ಬರೆದ. ಆದರೆ ‘ಮೊಲೆ’ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಮನೆಯಲ್ಲೂ ‘ಆ ಜಾಗ’ ಎನ್ನುತ್ತಿದ್ದ.

“ಮೇಡಂ ವಯಸ್ಸು ನಲವತ್ಮೂರು, ಮಕ್ಕಳೂ ದೊಡ್ಡವರಾಗಿದ್ದಾರೆ,” ಕಂಪನಿಯವನು ಮುಂದುವರಿಸಿದ. “ಇದರ ಅಗತ್ಯವಾದರೂ ಏನು ಅಂತ ನಮ್ಮ ಪ್ರಶ್ನೆ.”

ಮಹೇಂದ್ರ ಗಂಟಲು ಸರಿಮಾಡಿಕೊಂಡ. “ಸಾರ್, ಇವಳಿಗೆ ಬೆನ್ನು ನೋವು...”

ಶರ್ಮಿಳಾ ಅವನ ಮೊಣಕೈ ಹಿಡಿದಳು. “ಬೇಡ ಕಣ್ರೀ.” ಆಮೇಲೆ ಪರದೆಯ ಕಡೆ ತಿರುಗಿದಳು. “ನಂಗೆ ಬೆನ್ನು ನೋವಿಲ್ಲ ಸರ್. ಓಡ್ತೀನಿ, ಮಕ್ಕಳನ್ನ ಓಡಿಸ್ತೀನಿ.”

ರಾಜಶೇಖರ್ ಹಣೆ ಹಿಡಿದುಕೊಂಡ. ಅವಳು ನಿಲ್ಲಿಸಲಿಲ್ಲ.

“ವರ್ಷದ ಮೇಲೆ ಯಾಕೆ ನೆನಪಾಯ್ತು ಅಂತೀರಿ. ಮೊದಲು ಕೀಮೋ, ಆಮೇಲೆ ರೇಡಿಯೇಷನ್. ಆಗ ನಾನು ಉಳೀತೀನೋ ಇಲ್ವೋ ಅಂತ ಡಾಕ್ಟರಿಗೇ ಗೊತ್ತಿರ್ಲಿಲ್ಲ, ಏನಂತ ಕೇಳ್ಲಿ? ಕ್ಯಾನ್ಸರ್ ಆದವರಿಗೆ ಇದನ್ನ ಮಾಡಿಸ್ಬಹುದು ಅಂತ ನಿಮ್ಮ ಪಾಲಿಸಿಲೇ ಇದೆ. ಅಂದ ಅಂತೀರಲ್ಲ, ಸ್ನಾನ ಮಾಡುವಾಗ ಕಣ್ಮುಚ್ಕೊಂಡು ನೀರು ಹುಯ್ಕೋತೀನಿ ಸರ್ ನಾನು. ನನ್ನ ಮೈನ ನಾನು ನೋಡೋ ಹಂಗಾಗ್ಬೇಕು. ಅಷ್ಟೇ ನಂಗೆ ಅಗತ್ಯ.”

ಅಧಿಕಾರಿ ಪೆನ್ನು ಕೆಳಗಿಟ್ಟು, “ನೀವು ಏನಾದರೂ ಹೇಳ್ತೀರಾ?” ಎಂದು ಮಹೇಂದ್ರನನ್ನು ಕೇಳಿದರು.

ಅವನ ಕಿವಿ ಕೆಂಪಾಗಿತ್ತು. “ಕ್ಯಾನ್ಸರ್ ಬಂತು ಅಂತ ಮೊಲೆ ತೆಗೆದ್ರು ಸಾರ್,” ಎಂದ. “ಅದು ಬರದೇ ಇದ್ದಿದ್ರೆ ಇವ್ಳು ನಿಮ್ಮನ್ನ ಏನೂ ಕೇಳ್ತಿರ್ಲಿಲ್ಲ.”

ತಿಂಗಳ ನಂತರ ಆದೇಶ ಬಂತು. ಕ್ಯಾನ್ಸರಿನಿಂದ ಹೋದದ್ದನ್ನು ಮತ್ತೆ ಕಟ್ಟುವುದೂ ಚಿಕಿತ್ಸೆಯ ಭಾಗವೇ, ಕಂಪನಿ ಖರ್ಚು ಕೊಡತಕ್ಕದ್ದು ಎಂದಿತ್ತು. ಕರಿಯಮ್ಮ ಕೇಳಿದ್ದು ಒಂದೇ, “ಬೋ ನೋಯ್ತದೇನೇ?” ನೋಯುತ್ತದೆ ಎಂದಾಗ ಸೊಸೆಯ ಜೊತೆ ಆಸ್ಪತ್ರೆಗೆ ತಾವೇ ಹೊರಟರು.

ಮಳೆಗಾಲ ಮುಗಿಯುವ ಹೊತ್ತಿಗೆ ತರೀಕೆರೆಯಿಂದ ಸರ್ವರ್ ಬೇಗಂ ಎಂಬ ಹೆಂಗಸು ಗಂಡ ಮಹಬೂಬ್ ಸಾಬರ ಜೊತೆ ಮನೆ ಹುಡುಕಿಕೊಂಡು ಬಂದರು. ಆಕೆಗೂ ಅದೇ ಕಾಯಿಲೆಯಾಗಿ, ಒಂದು ಮೊಲೆ ತೆಗೆಸಿಯಾಗಿತ್ತು; ಮತ್ತೆ ಕಟ್ಟಿಸಿಕೊಳ್ಳಲೋ ಬೇಡವೋ ಎಂಬ ಯೋಚನೆಯಲ್ಲಿದ್ದರು. ವಿಳಾಸ ಕೊಟ್ಟವನು ರಾಜಶೇಖರ್. ಗಂಡಸರು ಜಗುಲಿಯಲ್ಲಿ ಕೂತರು. ಒಳಗೆ ಸರ್ವರ್ ಬೇಗಂ ಬಹಳ ಹೊತ್ತು ಟೀ ಲೋಟ ತಿರುಗಿಸುತ್ತಿದ್ದು, ಕೊನೆಗೆ ಕೇಳಿದರು.

“ಅದು ನಿಮ್ದೇ ಅಂತ ಅನಿಸ್ತದಾ ಮೇಡಂ?”

“ಮರಗಟ್ಟಿದಂಗಿರ್ತದೆ. ಮುಟ್ಟಿದ್ರೂ ಗೊತ್ತಾಗಲ್ಲ,” ಎಂದಳು ಶರ್ಮಿಳಾ. “ಆದ್ರೂ...” ಮುಂದೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಎದ್ದು ಬಾಗಿಲ ಚಿಲಕ ಹಾಕಿದಳು. ಕಿಟಕಿಯ ಪರದೆ ಎಳೆದು, ಸೆರಗಿನ ಪಿನ್ ತೆಗೆದು, ಒಂದೊಂದಾಗಿ ಹುಕ್ ಬಿಚ್ಚಿದಳು.

“ನೋಡಿ. ಮುಟ್ಟಿ ಬೇಕಾದ್ರೆ.”

ಹೊರಗೆ ಮಹಬೂಬ್ ಸಾಬರು ಕೊಬ್ಬರಿ ರೇಟು ಕೇಳುತ್ತಿದ್ದರು. ಸರ್ವರ್ ಬೇಗಂ ಆರಿದ ಲೋಟ ಕೆಳಗಿಟ್ಟರು. ಹತ್ತಿರ ಬಂದು, ಏನೋ ನೆನಪಾದವರಂತೆ ನಿಂತು, ತಣ್ಣಗಿದ್ದ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳತೊಡಗಿದರು.